ಪೂಜೆಗಿಟ್ಟ ಪಾನಾ

ವಿಜಯದಶಮಿಯ ಮುಂಜಾನೆ ಬೈಲಹೊಂಗಲದ ಮೇಲೆ ಮೋಡ ಬಂದು ಕೂತಿತ್ತೇ ಹೊರತು ಒಂದು ಹನಿಯೂ ಬಿದ್ದಿರಲಿಲ್ಲ. ಎಲ್ಲೋ ನವಿಲುತೀರ್ಥದ ಆಚೆ ಸುರಿದ ಮಳೆಯ ತಂಪು ಗಾಳಿಯೊಳಗೆ ಸೇರಿ ಬಂದು, ಓಣಿಯ ಧೂಳನ್ನು ತೋಯಿಸದೆ ಹಾಗೇ ಮುಟ್ಟಿ ಮುಟ್ಟಿ ಹೋಗುತ್ತಿತ್ತು. ಬೀಳಬೇಕೋ ಬಿಡಬೇಕೋ ಎಂದು ಆಕಾಶವೇ ಅನುಮಾನಿಸುತ್ತಿದ್ದ ಅಂಥ ಹೊತ್ತಿನಲ್ಲಿ ಜಹೀರ ನಸುಕಿನ ನಮಾಜಿಗೆಂದು ಎದ್ದು, ವಜೂ ಮಾಡಲು ಬಲಗೈಯನ್ನು ನಳದ ಕೆಳಗೆ ಹಿಡಿದ. ನೀರು ಬಿದ್ದದ್ದೇ ತಡ, ಅಂಗೈಗೆ ಅದು ನೆನಪಾಯಿತು. ನಟ್ಟು ಪೂರಾ ಬಿಗಿಯಾಗುವಾಗ ಕೊನೆಗೊಮ್ಮೆ ಗಟ್ಟಿಯಾಗಿ ನಿಂತು ಮೊಣಕೈವರೆಗೂ ಒಂದು ಜಗ್ಗು ಕೊಡುತ್ತದಲ್ಲ, ನಿನ್ನೆ ರಿಪೇರಿಗೆ ಬಂದಿದ್ದ ಶಿವಲಿಂಗನ ಓಮ್ನಿ ಗಾಡಿಯ ಎಡಗಡೆ ಮುಂದಿನ ಗಾಲಿಗೆ ಆ ಜಗ್ಗು ಬಂದಿರಲಿಲ್ಲ. ಬಂದಿರಲಿಲ್ಲವೆಂಬುದು ನಿನ್ನೆಯೂ ಗೊತ್ತಿತ್ತು. ನೀರು ಬೆರಳಸಂದಿಯಿಂದ ಸೋರಿ ಹೋಗುತ್ತಲೇ ಇತ್ತು, ಅವನು ನಳ ತಿರುವುವುದನ್ನೇ ಮರೆತು ನಿಂತಿದ್ದ.

ಮಸೀದಿಯಲ್ಲಿ ಹಣೆಯನ್ನು ಚಾಪೆಗೆ ಹಚ್ಚಿದಾಗ ಕಣ್ಣ ಮುಂದೆ ಕತ್ತಲೆಯಿರಬೇಕಾದ ಜಾಗದಲ್ಲಿ ಆ ನಟ್ಟೇ ಇತ್ತು. ನಮಾಜಿನ ಎಷ್ಟನೆಯ ಸುತ್ತು, ಎಷ್ಟನೆಯ ರಕಾತ್ ಎಂಬುದು ತಪ್ಪಿಹೋಗಿ, ಪಕ್ಕದಲ್ಲಿದ್ದವರು ಏಳುವುದನ್ನು ಓರೆಗಣ್ಣಿನಿಂದ ನೋಡಿ ಎದ್ದ. ದೇವರ ಮುಂದೆ ನಿಂತು ಬೇರೆಯವರನ್ನು ನೋಡಿ ನಕಲು ಮಾಡಿದ್ದೇನಲ್ಲ ಎಂದು ನಾಚಿಕೆಯಾಯಿತು. ದುವಾ ಮಾಡಲು ಕೈಯೆತ್ತಿದಾಗ ಏನು ಬೇಡಿಕೊಳ್ಳಬೇಕೋ ಗೊತ್ತಾಗಲಿಲ್ಲ. ನಟ್ಟು ಬಿಗಿಯಾಗಲಿ ಎಂದು ಬೇಡುವುದೇ? ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬಂದು ಅದನ್ನು ದೇವರ ಹೆಗಲಿಗೆ ಹಾಕುವುದೇ?

ನಿನ್ನೆ ಖಂಡೇನವಮಿ, ಆಯುಧಪೂಜೆಯ ದಿನ. ಸವದತ್ತಿ ರಸ್ತೆಯ ಗಾಡಿ ರಿಪೇರಿಯ ಶೆಡ್ಡನ್ನು ಒಂದು ಕಾಲಕ್ಕೆ ಇಬ್ಬರು ಕೂಡಿ ಹಾಕಿದ್ದರು: ಪರಸಪ್ಪ ಮತ್ತು ಜಹೀರನ ಅಪ್ಪ ಫಕ್ರುಸಾಬ. ಫಕ್ರುಸಾಬ ತೀರಿಕೊಂಡ ಮೇಲೆ ಬೋರ್ಡಿನ ಮೇಲೆ ಪರಸಪ್ಪನ ಹೆಸರೊಂದೇ ಉಳಿಯಿತು, ಕೆಲಸಕ್ಕೆ ಜಹೀರ ಉಳಿದ. ಪ್ರತಿವರ್ಷ ನವಮಿಯ ದಿನ ಶೆಡ್ಡಿನ ಸಾಮಾನೆಲ್ಲ ತೊಳೆದು, ಕಟ್ಟೆಯ ಮೇಲೆ ಕೆಂಪು ವಸ್ತ್ರ ಹಾಸಿ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ ಚೆಂಡುಹೂ ಏರಿಸಿ ಪೂಜೆ ಮಾಡುವುದು ಪರಸಪ್ಪನ ಪದ್ಧತಿ. ಒಮ್ಮೆ ಇಟ್ಟರೆ ಮುಗಿಯಿತು. ಮರುದಿನ ಸಂಜೆ ಬನ್ನಿ ಮುಡಿದು ಬರುವತನಕ ಒಂದನ್ನೂ ಅಲುಗಿಸುವಂತಿಲ್ಲ. ಅವೆಲ್ಲದರ ನಡುವೆ ದೊಡ್ಡದಾಗಿ ಮಲಗುವುದು ನಟ್ಟು ಬಿಗಿಯುವ ಫಕ್ರುಸಾಬನ ಪಾನಾ. ಹಿಡಿಕೆಗೆ ಕಬ್ಬಿಣದ ಕೊಳವೆ ಬೆಸೆದು ಅವನೇ ಉದ್ದ ಮಾಡಿಕೊಂಡದ್ದು, ಎಂಥ ಹಟಮಾರಿ ನಟ್ಟೂ ಅದರ ಮಾತು ಕೇಳುತ್ತಿತ್ತು. ಅಪ್ಪ ಸತ್ತ ದಿನ ಅದು ಪರಸಪ್ಪನ ಪೆಟ್ಟಿಗೆಯಲ್ಲಿತ್ತು, ಹಾಗಾಗಿ ಅಲ್ಲೇ ಉಳಿಯಿತು. ಯಾರೂ ಕಸಿದುಕೊಂಡದ್ದಲ್ಲ. ಜಹೀರ ಬೇಕಾದಾಗಲೆಲ್ಲ ಕೇಳಿ ತೆಗೆದುಕೊಳ್ಳುತ್ತಾನೆ, ಕೆಲಸವಾದ ಮೇಲೆ ಒರೆಸಿ ಅಲ್ಲೇ ಇಡುತ್ತಾನೆ. ಅಪ್ಪನ ಸಾಮಾನನ್ನು ಕೇಳಿ ಪಡೆಯುವ ಆ ಸಣ್ಣ ಗಳಿಗೆ ದಿನಾ ಬರುತ್ತದೆ, ದಿನಾ ಹೋಗುತ್ತದೆ.

ಕೊಲ್ಲಾಪುರದಲ್ಲಿ ಕೆಲವು ತಿಂಗಳು ದುಡಿದು ಬರುವಾಗ ಜಹೀರ ಒಂದು ಕಿಟ್ಟು ತಂದಿದ್ದ. ಒಂದು ಮಗ್ಗುಲು ಉಬ್ಬಿದ ಬೋಲ್ಟುಗಳು, ಅವಕ್ಕೆ ತಕ್ಕ ವಾಷರುಗಳು. ಗಾಡಿಯ ಹಳೆಯ ಬೋಲ್ಟು ತೆಗೆದು ಇದನ್ನು ತೊಡಿಸಿ ಮೆಲ್ಲಗೆ ತಿರುವಿದರೆ ಗಾಲಿಯ ತಲೆ ಕೂದಲೆಳೆಯಷ್ಟು ಒಳಕ್ಕೋ ಹೊರಕ್ಕೋ ವಾಲುತ್ತದೆ. ನೆಟ್ಟಗಾದ ಕಡೆ ನಿಲ್ಲಿಸಿ ನಟ್ಟು ಬಿಗಿದರೆ ಟೈರು ಒಂದೇ ಅಂಚು ಸವೆಯುವುದು ನಿಲ್ಲುತ್ತದೆ. ಆದರೆ ಎಲ್ಲವೂ ಆ ಬಿಗಿಯ ಮೇಲೆ. ಬಿಗಿ ಸಡಿಲಾದರೆ ಬೋಲ್ಟು ತಾನೇ ಹೊರಳಿ ಗಾಲಿ ಮತ್ತೆ ವಾಲುತ್ತದೆ, ಇನ್ನೂ ಸಡಿಲಾದರೆ ಗಾಲಿಯ ಭರವಸೆಯೇ ಇಲ್ಲ. ಪರಸಪ್ಪ ಆ ಬೋಲ್ಟನ್ನು ಮೊದಲ ಸಲ ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿ, "ಇದೇನೋ ಜಹೀರ, ಬಸರಿ ಬೋಲ್ಟ ತಂದೀ? ಹೆರಿಗಿ ಯಾವಾಗಂತ?" ಎಂದು ಶೆಡ್ಡಿಗೆ ಶೆಡ್ಡೇ ನಗುವಂತೆ ಮಾಡಿದ್ದ. ಅಂದಿನಿಂದ ಅದಕ್ಕೆ ಅದೇ ಹೆಸರು. ದಾರ ಕಟ್ಟಿ ಗಾಲಿ ನೋಡುತ್ತಿದ್ದ ಹಳೆಯ ಕಾಲದವರು ನಗಲಿ, ಒಂದು ಗಾಡಿ ಸರಿಯಾಗಿ ಓಡಿತೆಂದರೆ ಬಾಯಿ ಮುಚ್ಚುತ್ತಾರೆ ಎಂದು ಜಹೀರ ಕಾದಿದ್ದ. ಆ ಒಂದು ಗಾಡಿ ಎಂದರೆ ದೊಡವಾಡದ ಶಿವಲಿಂಗ ಬಡಿಗೇರನ ಓಮ್ನಿ.

ನವಮಿಯ ದಿನ ಎಡಗಡೆ ಮುಂದಿನ ಗಾಲಿಗೆ ಬೋಲ್ಟು ತೊಡಿಸಿ, ಗಾಲಿ ನೆಟ್ಟಗೆ ಮಾಡಿ, ಸಣ್ಣ ಪಾನಾದಿಂದ ಕೈ ಬಿಗಿ ಮಾಡಿದ್ದಷ್ಟೇ. ಕೊನೆಯ ಜಗ್ಗಿಗೆ ಉದ್ದನೆಯ ಪಾನಾ ಬೇಕೆಂದು ಗಾಡಿಯ ಕೆಳಗಿನಿಂದ ಜರುಗಿ ಹೊರಗೆ ಬಂದು ನೋಡುತ್ತಾನೆ, ಅದು ಆಗಲೇ ಕೆಂಪು ವಸ್ತ್ರದ ಮೇಲಿದೆ, ಮೈಗೆ ಕುಂಕುಮ, ತಲೆಗೆ ಹೂವು. ಪರಸಪ್ಪ ಕಣ್ಣುಮುಚ್ಚಿ ಕೈಮುಗಿದಿದ್ದಾನೆ. "ಕಾಕಾ, ಅದೊಂದು ಕೊಡ್ರಿ" ಎನ್ನಲು ಬಾಯಿ ತೆರೆದಿತ್ತು. ಆಗ ಹೋದ ವರ್ಷದ ಮಾತು ಬಂದು ನಾಲಿಗೆಯ ಮೇಲೆ ಕೂತಿತು. ಹೋದ ವರ್ಷ ಕೆಲಸದ ಭರದಲ್ಲಿ ಗಮನವಿಲ್ಲದೆ ಪೂಜೆಗಿಟ್ಟ ಸುತ್ತಿಗೆಯನ್ನು ಎತ್ತಿಕೊಂಡಿದ್ದ. ನಾಲ್ಕು ಮಂದಿ ಗಿರಾಕಿಗಳ ಮುಂದೆ ಪರಸಪ್ಪ ಬೈಯಲಿಲ್ಲ, ಸಿಟ್ಟೂ ಮಾಡಲಿಲ್ಲ. ಸುತ್ತಿಗೆಯನ್ನು ತಿರುಗಿ ಇಸಿದುಕೊಂಡು, ನೊಣ ಓಡಿಸುವಷ್ಟು ಹಗುರಾಗಿ, "ಇರ್ಲಿ ಬಿಡು, ನಿಮ್ಮವರಿಗೆ ಇದೆಲ್ಲ ಏನ್ ತಿಳೀತೈತಿ" ಅಂದ. ಅಷ್ಟೇ. ಅವನ ಮಡಿಲಲ್ಲಿ ಆಡಿ ಬೆಳೆದವನು, ಅವನ ಮನೆಯ ಹೋಳಿಗೆ ತಿಂದು ದೊಡ್ಡವನಾದವನು, ಆ ಒಂದು ಮಾತಿಗೆ ಅಂಗಳದಿಂದ ಎದ್ದು ರಸ್ತೆಯ ಮೇಲೆ ಹೋಗಿ ನಿಂತಂತಾಗಿತ್ತು. ಆ ಮಾತಿನ ಮೇಲೆ ಒಂದು ವರ್ಷದ ಧೂಳು ಬಿದ್ದರೂ ಅಂಚು ಮಾತ್ರ ಹಾಗೇ ಇತ್ತು. ಅದಕ್ಕೇ ನಿನ್ನೆ ಕೇಳಲಿಲ್ಲ. "ಆತೇನೋ ಮಿಸ್ತ್ರೀ?" ಎಂದು ಶಿವಲಿಂಗ ಹೊರಗಿನಿಂದ ಕೂಗಿದ. "ಆತ್ರಿ" ಎಂದುಬಿಟ್ಟ.

ಮನೆಗೆ ಬಂದಾಗ ಫಿರದೋಸ್ ಚಹಾ ಇಟ್ಟಿದ್ದಳು. ಗಂಡ ಕಪ್ಪು ಎತ್ತದೆ ಅಂಗೈ ನೋಡುತ್ತ ಕೂತದ್ದನ್ನು ನೋಡಿ, "ಕೈಗೆ ಏನಾತ್ರಿ?" ಅಂದಳು.

"ಏನಿಲ್ಲ."

"ಏನಿಲ್ಲಂದ್ರ ಚಾ ಯಾಕ ಆರಾಕ ಹತ್ತೇತಿ?"

ಹೇಳಿದ. ಪೂರಾ ಹೇಳಲಿಲ್ಲ, ನಟ್ಟಿನದಷ್ಟು ಹೇಳಿದ, ಮಾತಿನದನ್ನು ನುಂಗಿಕೊಂಡ. ಫಿರದೋಸ್ ಸೆರಗು ಸರಿಮಾಡಿಕೊಂಡು, "ಫೋನ್ ಮಾಡ್ರಿ ಮತ್ತ. ಕುಂತು ಏನ್ ಮಾಡ್ತೀರಿ?" ಎಂದಳು. ಎಸ್‌ಟಿಡಿ ಬೂತಿನಿಂದ ದೊಡವಾಡಕ್ಕೆ ಹಚ್ಚಿದ. ಶಿವಲಿಂಗನ ಪಕ್ಕದ ಮನೆಯವರು ಎತ್ತಿಕೊಂಡರು. "ಅವರು ನಸುಕಿನ್ಯಾಗ ಹೋದ್ರಲ್ಲ, ಸಿರಸಂಗಿಗೆ, ಕಾಳಮ್ಮನ ಗುಡಿಗೆ. ಹೆಂಡ್ತಿ, ಕೂಸು, ಅವರವ್ವ ಬಾಯವ್ವ ಎಲ್ಲಾರೂ ಹೋಗ್ಯಾರ. ಏನರ ಹೇಳೂದೈತೇನು?" ಎಂದರು. "ಏನಿಲ್ರಿ, ಹಂಗ ಸುಮ್ಮ ಮಾಡಿದ್ನಿ" ಎಂದು ಇಟ್ಟುಬಿಟ್ಟ. ಸುಮ್ಮನೆ ಎಂಬ ಮಾತು ಬಾಯಿಯಲ್ಲಿ ಎಷ್ಟು ಸುಲಭವಾಗಿ ಹೊರಳುತ್ತದೆ ಎಂದು ಅವನಿಗೇ ಹೆದರಿಕೆಯಾಯಿತು. ಜೇಬಿಗೆ ಕೈ ಹಾಕಿದರೆ ಅರಿವೆಯ ಗಂಟೊಂದು ಸಿಕ್ಕಿತು. ಓಮ್ನಿಯಿಂದ ತೆಗೆದ ಹಳೆಯ ಬೋಲ್ಟುಗಳು. ತೆಗೆದ ಸಾಮಾನು ಗಿರಾಕಿಯದು, ಕೆಟ್ಟದ್ದಿರಲಿ ಒಳ್ಳೆಯದಿರಲಿ ಅರಿವೆಯಲ್ಲಿ ಕಟ್ಟಿ ಅವನ ಕೈಗೆ ಕೊಡಬೇಕು ಎಂಬುದು ಫಕ್ರುಸಾಬನ ಕಾಲದ ಕಟ್ಟಳೆ. ನಿನ್ನೆಯ ಗಡಿಬಿಡಿಯಲ್ಲಿ ಅದೂ ಉಳಿದಿತ್ತು. ಆ ಗಂಟು ಕೈಗೆ ತಾಗಿದ್ದೇ ಒಂದು ಯೋಚನೆ, ಕರೆಯದೆ ಬಂದ ನೆಂಟನ ಹಾಗೆ, ಒಳಗೆ ಬಂದು ಕಾಲು ಚಾಚಿ ಕೂತಿತು: ಸಿರಸಂಗಿಗೇ ಹೋಗಿ, ಇದನ್ನು ಕೊಡಲು ಬಂದೆ ಎಂದರಾಯಿತಲ್ಲ.

ಶೆಡ್ಡಿನ ಮುಂದೆ ಹಾಯ್ದು ಹೋಗುವಾಗ ಬಾಗಿಲು ಅರ್ಧ ತೆರೆದಿತ್ತು. ಪರಸಪ್ಪ ಇನ್ನೂ ಬಂದಿರಲಿಲ್ಲ, ಅವನ ಹೆಂಡತಿ ಬೆಳಗಿನ ದೀಪ ಹಚ್ಚಿ ಹೋಗಿರಬೇಕು. ದೀಪದ ಬೆಳಕಿನಲ್ಲಿ ಅಪ್ಪನ ಪಾನಾ ಮಲಗಿತ್ತು. ಎತ್ತಿಕೊಂಡರೆ ಕೇಳುವವರು ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತ. ಎತ್ತಿದರೆ ಆ ಮಾತು ನಿಜವಾಗುತ್ತದೆ, ತಿಳಿಯದವನೇ ಆಗಿಬಿಡುತ್ತೇನೆ. ಎತ್ತದಿದ್ದರೆ? ತಿಳಿದವನು ಎಂದು ತೋರಿಸಿಕೊಳ್ಳಲು ನಾಲ್ಕು ಜೀವ ರಸ್ತೆಯ ಮೇಲೆ ಬಿಟ್ಟವನಾಗುತ್ತೇನೆ. ಚೆಂಡುಹೂವಿನ ಘಾಟು ಮೂಗಿಗೆ ಬಡಿಯಿತು. ಕಾಲು ಹಿಂದಕ್ಕೆ ತೆಗೆದುಕೊಂಡು ತಿರುಗಿ ಮನೆಗೆ ಹೋಗಿ, ಅಲ್ಲಿದ್ದ ಮೊಂಡು ಪಾನಾವೊಂದನ್ನೇ ಚೀಲದಲ್ಲಿ ಹಾಕಿಕೊಂಡು ಬಸ್‌ ಸ್ಟ್ಯಾಂಡಿಗೆ ನಡೆದ.

ಹಬ್ಬದ ದಿನದ ಬಸ್ಸು. ಹೊಸ ಸೀರೆ, ತೆಂಗಿನಕಾಯಿ, ಮಂದಿಯ ಮೇಲೆ ಮಂದಿ. ಜಹೀರ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ರಸ್ತೆಯ ಎಡಬದಿಯನ್ನೇ ನೋಡುತ್ತ ಹೋದ. ಬಿಳಿಯದು ಏನು ಕಂಡರೂ ಓಮ್ನಿಯೇ ಅನ್ನಿಸುತ್ತಿತ್ತು. ಒಂದು ಕಡೆ ಬಿಳಿ ಹೋರಿ, ಒಂದು ಕಡೆ ಸುಣ್ಣ ಬಳಿದ ಕಲ್ಲು. ಇನ್ನೊಂದು ಹಳ್ಳದ ಹತ್ತಿರ ಮಂದಿ ಗುಂಪುಗೂಡಿ ತಗ್ಗಿನೊಳಗೆ ನೋಡುತ್ತಿದ್ದರು. ಅವನಿಗೆ ಅರಿವಿಲ್ಲದೆಯೇ "ನಿಲ್ಲಸ್ರಿ!" ಎಂದು ಚೀರಿದ. ಬಸ್ಸು ಗಕ್ಕನೆ ನಿಂತಿತು. ತಗ್ಗಿನಲ್ಲಿ ಯಾರೋ ಟ್ರ್ಯಾಕ್ಟರು ತೊಳೆಯುತ್ತಿದ್ದರು, ಉಳಿದವರು ಅದನ್ನು ನೋಡುತ್ತ ಬೀಡಿ ಸೇದುತ್ತಿದ್ದರು. "ಇಳಿಯವಾ ಇಳೀಪಾ" ಎಂದ ಕಂಡಕ್ಟರ. "ಇಲ್ರಿ... ಇಲ್ಲೆ ಅಲ್ಲ." "ಇಲ್ಲೆ ಅಲ್ಲಂದ್ರ ಚೀರಿದ್ಯಾಕ? ಮುಂಜಾನೆದ್ದು ತಗೊಂಡೀ ಏನು?" ಬಸ್ಸೆಲ್ಲ ನಕ್ಕಿತು. ನಸುಕಿನ ನಮಾಜು ಮಾಡಿ ಬಂದ ಬಾಯಿಗೆ ಕುಡಿತದ ಆ ಮಾತು ಹತ್ತಿದ್ದಕ್ಕೆ ಕಿವಿ ಕೆಂಪಾದರೂ, ಒಳಗೆಲ್ಲೋ ಒಂದು ಸಮಾಧಾನವಾಯಿತು. ಯಾವ ತಪ್ಪಿಗಾದರೂ ಸರಿ, ಯಾರಾದರೂ ಬೈಯುತ್ತಿದ್ದಾರಲ್ಲ.

ಮುನವಳ್ಳಿಯಲ್ಲಿ ಇಳಿದು, ಟೆಂಪೋ ಹತ್ತಿ ಸಿರಸಂಗಿ ಮುಟ್ಟಿದಾಗ ಓಮ್ನಿ ಗುಡಿಯ ಆಚೆ ಬೇವಿನ ಮರದ ಕೆಳಗೆ ನಿಂತಿತ್ತು. ಇಡಿಯಾಗಿ, ಬಿಳಿಯಾಗಿ, ಏನೂ ಅರಿಯದಂತೆ. ಜಹೀರ ಚೀಲ ಇಳಿಸಿ ನೆಲದ ಮೇಲೆ ಕೂತ. ಮುಂದಿನ ಗಾಲಿಯ ಕೆಳಗೆ ತಲೆ ಹಾಕಿ ನೋಡಿದ. ವಾಷರು ಜರುಗಿತ್ತು. ಜರುಗಿದ ಕಡೆ ಮಸಿಯೆಲ್ಲ ತಿಕ್ಕಿಹೋಗಿ, ಎಳೆಯ ಚಂದ್ರನಂತೆ ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು. ನಟ್ಟು ಬೆರಳಿಗೇ ತಿರುಗಿತು. ಬೆರಳಿಗೆ! ಇನ್ನೊಂದು ತಗ್ಗು, ಇನ್ನೊಂದು ತಿರುವು ಇದ್ದಿದ್ದರೆ? ಗಾಡಿ ತಾನೇ ಬಂದಿರಲಿಲ್ಲ, ಯಾವುದೋ ಕರುಣೆ ಅದನ್ನು ಇಲ್ಲಿಯತನಕ ಕೈಹಿಡಿದು ನಡೆಸಿಕೊಂಡು ಬಂದಿತ್ತು. ಬೋಲ್ಟು ತಿರುವಿ, ಕಣ್ಣಳತೆಯಲ್ಲಿ ಗಾಲಿ ನೆಟ್ಟಗೆ ಮಾಡಿ, ಮೊಂಡು ಪಾನಾದಿಂದ ಶಕ್ತಿಯಿದ್ದಷ್ಟು ಜಗ್ಗಿದ. ಜಾರಿ ಗೆಣ್ಣು ಸುಲಿಯಿತು. ಮತ್ತೆ ಜಗ್ಗಿದ. ಬೈಲಹೊಂಗಲ ಮುಟ್ಟುವ ಮಟ್ಟಿಗೆ ಬಿಗಿಯಾಯಿತು, ಆದರೆ ಅದಲ್ಲ ಬಿಗಿ. ಅಂಗೈಗೆ ಗೊತ್ತಿತ್ತು.

"ಏ, ಯಾವ ಮಗಾ ಅಂವಾ ಗಾಡಿ ಬುಡಕ?" ಶಿವಲಿಂಗನ ದನಿ. ಜಹೀರ ಹೊರಳಿ ಎದ್ದು ನಿಂತ. ಶಿವಲಿಂಗನ ಹಿಂದೆ ಮಗುವನ್ನು ಹೆಗಲಿಗೆ ಹಾಕಿಕೊಂಡ ಅವನ ಹೆಂಡತಿ ಅನ್ನಪೂರ್ಣಾ, ಅವಳ ಹಿಂದೆ ಒಡೆದ ಕಾಯಿ ಹಿಡಿದ ತಾಯಿ ಬಾಯವ್ವ. "ಅಲಾ, ಜಹೀರ! ನೀ ಇಲ್ಲೆಂಗ?"

ಪಾನಾ ಆಗಲೇ ಚೀಲ ಸೇರಿತ್ತು. ಕೈ ತಾನೇ ಜೇಬಿಗೆ ಹೋಗಿ ಗಂಟನ್ನು ಹೊರಗೆ ತೆಗೆಯಿತು. "ಹಳೇ ಬೋಲ್ಟ್ ಕೊಡೂದು ಮರತಿದ್ನಿರಿ. ಕೊಟ್ಟು ಹೋಗೂಣಂತ..."

ಬಾಯವ್ವ ಗಂಟು ಬಿಚ್ಚಿ, ಆ ಕಬ್ಬಿಣದ ತುಣುಕುಗಳನ್ನು ನೋಡಿ, ಜಹೀರನ ಮುಖ ನೋಡಿದಳು. "ಇದನ್ನ ಕೊಡಾಕ ಹೊಂಗಲದಿಂದ ಬಂದ್ಯಾ ಯಪ್ಪಾ? ಹಬ್ಬದ ದಿನ?" ಎಂದವಳೇ ಆಚೆ ಕಟ್ಟೆಯ ಮೇಲೆ ಕೂತವರ ಕಡೆ ತಿರುಗಿದಳು. "ನೋಡ್ರಿಲ್ಲೆ, ನೋಡ್ರಿ! ಗುಜರಿಗೂ ಬ್ಯಾಡಾದ ಬೋಲ್ಟ. ಇದನ್ನ ಇಟಗೊಂಡ್ರ ಯಾರ ಕೇಳ್ತಿದ್ರು? ಈ ಕಾಲದಾಗೂ ಇಂಥಾ ಮಂದಿ ಅದಾರಲ್ಲ, ಅದಕ್ಕ ನಮ್ಮವ್ವ ಕಾಳಮ್ಮ ಇನ್ನೂ ಇಲ್ಲೆ ಕುಂತಾಳ." ಕಟ್ಟೆಯವರು ಹೌದೌದೆಂದರು. "ದೊಡವಾಡದಾಗ ಎಷ್ಟ ಗಾಡಿ ಅದಾವೋ ಎಲ್ಲಾ ಇನ್ನ ನಿನ್ನ ಕಡೇನ ನೋಡ" ಎಂದ ಶಿವಲಿಂಗ. ಬಾಯವ್ವ ಪ್ರಸಾದದ ಕೊಬ್ಬರಿ ಮುರಿದು ಅವನ ಕೈಗಿಟ್ಟಳು. ಗೆಣ್ಣಿನ ರಕ್ತ ಕೊಬ್ಬರಿಯ ಬಿಳುಪಿಗೆ ತಾಗಿತು. ಬಸ್ಸಿನಲ್ಲಿ ಬೈದದ್ದು ಎಷ್ಟೋ ಹಿತವಾಗಿತ್ತು ಅನ್ನಿಸಿತು. ಇನ್ನು ಏನೂ ಹೇಳಬೇಕಾಗಿಲ್ಲ. ಹೇಳದಿದ್ದರೆ ಎಲ್ಲ ಸರಿಯಾಗಿಯೇ ಇದೆ. ಬಸರಿ ಬೋಲ್ಟು ಗೆದ್ದಿದೆ, ಹೆಸರು ಬಂದಿದೆ, ಊರೇ ಅವನ ಕಡೆ ಬರುತ್ತದೆ. ಕೊಬ್ಬರಿ ಬಾಯಿಗೆ ಹಾಕಿದ. ಸಿಹಿಯಿತ್ತು.

ತಿರುಗಿ ಹೋಗುವಾಗ ಅವನನ್ನು ಮುಂದಿನ ಸೀಟಿನಲ್ಲಿ, ಎಡಗಡೆ ಕೂರಿಸಿಕೊಂಡರು. ಸರಿಯಾಗಿ ಆ ಗಾಲಿಯ ಮೇಲೆಯೇ. ಓಮ್ನಿಯಲ್ಲಿ ಮುಂದೆ ಕೂತವನ ಕಾಲ ಕೆಳಗೇ ಗಾಲಿ; ಅದು ಉರುಳುವುದು ಹಿಮ್ಮಡಿಗೆ ಕೇಳಿಸುತ್ತದೆ. ಹಿಂದಿನಿಂದ ಬಾಯವ್ವ ಇನ್ನೂ ಹೇಳುತ್ತಲೇ ಇದ್ದಳು. "ನಿಮ್ಮಪ್ಪ ಫಕ್ರುಸಾಬಾನೂ ಹಂಗ ಇದ್ನಂತ. ರಕ್ತ ಎಲ್ಲಿ ಹೋಗತೈತಿ?" ಮಗು ಎದ್ದು ಏನೋ ಗೊಣಗಿತು, ಅನ್ನಪೂರ್ಣಾ ಜೋಗುಳದ ದನಿಯಲ್ಲಿ ಸುಮ್ಮನಿರಿಸಿದಳು. ಅಪ್ಪನ ಹೆಸರು ಬಂದದ್ದೇ ಜಹೀರನಿಗೆ ಅಪ್ಪನ ಮುಖ ನೆನಪಾಯಿತು: ಗಾಡಿಯ ಕೆಳಗಿನಿಂದ ಹೊರಗೆ ಬಂದು, ಪಾನಾ ನೆಲಕ್ಕಿಟ್ಟು, ಗಿರಾಕಿ ಕೇಳುವ ಮೊದಲೇ, "ಇನ್ನೂ ಆಗಿಲ್ರಿ, ಸುಳ್ಳ ಯಾಕ ಹೇಳ್ಲಿ" ಎಂದು ನಗುತ್ತಿದ್ದ ಮುಖ. ಅಷ್ಟು ಹಗುರಾಗಿ ಹೇಳಿಬಿಡಬಹುದಾದ ಮಾತು ಅದು. ಮುನವಳ್ಳಿಯ ಹೊಳೆ ಕಂಡಿತು. ಮಳೆಯಾದದ್ದು ನಿಜ, ನೀರು ಕೆಂಪಾಗಿ ತುಂಬಿ ಹರಿಯುತ್ತಿತ್ತು. ಸೇತುವೆ ಹತ್ತಿರ ಬಂತು.

"ಶಿವಲಿಂಗಣ್ಣಾ, ನಿಲ್ಲಸ್ರಿ."

"ಯಾಕೋ, ಕಾಲಮಡಿಯಾಕ?"

"ನಿಲ್ಲಸ್ರಿ ಮೊದಲ." ಗಾಡಿ ನಿಂತಿತು. ಜಹೀರ ಹೊಳೆಯ ಕಡೆ ನೋಡುತ್ತ ಹೇಳಿದ. "ನಾ ಬೋಲ್ಟ ಕೊಡಾಕ ಬಂದಿಲ್ರಿ. ನಿನ್ನೆ ಈ ಗಾಲಿ ನಟ್ಟ ಬಿಗಿ ಮಾಡಿದ್ದಿಲ್ಲ. ಆತಂತ ಸುಳ್ಳ ಹೇಳಿದ್ನಿ. ಈಗ ನೋಡಿದ್ರ ಬೆರಳಿಗೆ ತಿರಗತಿತ್ತು."

ಎಂಜಿನ್ನು ತನ್ನಷ್ಟಕ್ಕೆ ಗುಡುಗುಡು ಅನ್ನುತ್ತಿತ್ತು. ಶಿವಲಿಂಗ ಸ್ಟೇರಿಂಗಿನ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅನ್ನಪೂರ್ಣಾ ಜಹೀರನೊಡನೆ ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಮೆಲ್ಲಗೆ, "ಕೂಸು ಇತ್ರೀ ಇದರಾಗ" ಎಂದಳು.

"ಯಾಕ ಬಿಗಿ ಮಾಡಲಿಲ್ಲ?" ಬಾಯವ್ವ ಕೇಳಿದಳು. ದನಿಯಲ್ಲಿ ಹೊಗಳಿಕೆಯೆಲ್ಲ ಇಳಿದುಹೋಗಿತ್ತು.

"ಪಾನಾ ಪೂಜಿಗಿಟ್ಟಿದ್ರು."

ಬಾಯವ್ವ ಹೊಳೆಯ ಕಡೆ ತಿರುಗಿದಳು. ಆಮೇಲೆ ಯಾರಿಗೂ ಅಲ್ಲದಂತೆ ಶುರುಮಾಡಿದಳು. "ನನ್ನ ಗಂಡನೂ ಹಿಂಗ ಉಳಿ ಬಾಚಿ ಎಲ್ಲಾ ಪೂಜಿಗೆ ಇಟ್ಟಿದ್ದ. ಮಗ್ಗಲ ಮನಿ ಕೂಸು ಒಳಗ ಅಗಳಿ ಹಾಕ್ಕೊಂಡು ತಗೀಲಾರದ ಅಳಾಕ ಹತ್ತಿತ್ತು, ಒಲಿ ಉರಿಯಾಕ ಹತ್ತಿತ್ತು. ಹೂವ ಕೊಡವಿ ಉಳಿ ಎತ್ತಿದ, ಬಾಗಲಾ ಒಡದ. ಕಾಳಮ್ಮ ಏನೂ ಅನ್ನಲಿಲ್ಲ. ಅಕಿ ಕೈಯಾಗೂ ಸಾಮಾನ ಅದಾವಲ್ಲ, ಅಕಿಗೆ ತಿಳೀತೈತಿ." ಜಹೀರನ ಕಡೆ ತಿರುಗಿ, "ನೀ ಬಾಯಿ ಬಿಟ್ಟು ಕೇಳಬೇಕಿತ್ತು. ಕೇಳಾಕ ನಿನಗೇನಾಗಿತ್ತು?" ಅಂದಳು. ಜಹೀರ ಸುಲಿದ ಗೆಣ್ಣಿನ ರಕ್ತ ಒರೆಸಿಕೊಂಡ. "ನಡಿ ಶಿವಲಿಂಗಾ, ಸಾವಕಾಶ ನಡಿ. ಸೀದಾ ಶೆಡ್ಡಿಗೇ ನಡಿ" ಎಂದಳು ಅವಳು. ಓಮ್ನಿ ಎತ್ತಿನ ಬಂಡಿಯ ನಡಿಗೆಯಲ್ಲಿ ಬಂತು. ಹಿಂದಿನಿಂದ ಬಂದ ಗಾಡಿಗಳೆಲ್ಲ ಹಾರ್ನು ಹೊಡೆದು ಬೈದು ಮುಂದೆ ಹೋದವು.

ಶೆಡ್ಡಿನಲ್ಲಿ ಪರಸಪ್ಪ ಬಿಳಿ ಧೋತರ ಉಟ್ಟು, ರುಮಾಲು ಸುತ್ತಿಕೊಳ್ಳುತ್ತಿದ್ದ. ಬನ್ನಿಗೆ ಹೋಗಲು ಇನ್ನೂ ಹೊತ್ತಿತ್ತು. ಬಾಯವ್ವ ಇಳಿದು ಬಂದು ಎಲ್ಲ ಹೇಳಿದಳು, ಬೈಯದೆ, ಬಣ್ಣ ಹಚ್ಚದೆ. ಪರಸಪ್ಪನ ಕೈಯಲ್ಲಿ ರುಮಾಲು ಅರ್ಧ ಸುತ್ತಿದ ಹಾಗೇ ನಿಂತಿತು.

"ಹುಚ್ಚಪ್ಯಾಲಿ! ನನ್ನ ಒಂದ ಮಾತ ಕೇಳಬಾರದೇನೋ?"

"ಹೋದ ವರ್ಷ ಕೇಳಲಾರದ ಸುತ್ತಿಗಿ ಎತ್ತಿದ್ನಿ ಕಾಕಾ."

"ಎತ್ತಿದ್ದಿ, ಆಮ್ಯಾಲೆ?"

"ನೀವ ಒಂದ ಮಾತ ಅಂದ್ರಿ."

"ನಾ ಏನಂದೆ?"

ಜಹೀರ ಅವನ ಮುಖ ನೋಡಿದ. ಅದು ನಾಟಕದ ಮುಖವಾಗಿರಲಿಲ್ಲ. ಹುಬ್ಬು ಗಂಟಿಕ್ಕಿ, ಬಾಯಿ ತುಸು ತೆರೆದು, ಮುದುಕ ನಿಜವಾಗಿಯೂ ನೆನಪಿನೊಳಗೆ ತಡಕಾಡುತ್ತಿದ್ದ. ಅಲ್ಲಿ ಏನೂ ಸಿಗುತ್ತಿರಲಿಲ್ಲ. ಒಂದು ವರ್ಷ ಎದೆಯಲ್ಲಿಟ್ಟು ಸಾಕಿದ ಮಾತಿಗೆ ಆಡಿದವನಲ್ಲಿ ಮೂಲೆಯಷ್ಟೂ ಜಾಗ ಇರಲಿಲ್ಲ. ಜಹೀರನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. "ನಿಮ್ಮವರಿಗೆ ಇದೆಲ್ಲ ಏನ್ ತಿಳೀತೈತಿ, ಅಂದ್ರಿ" ಎಂದ. ಗಟ್ಟಿಯಾಗಿ ಆಡಿದಾಗ ಅದು ಎಷ್ಟು ಚಿಕ್ಕ ಮಾತಾಗಿ ಕೇಳಿಸಿತು! ಆದರೆ ಪರಸಪ್ಪ ಅದನ್ನು ಚಿಕ್ಕದೆಂದು ಕೇಳಲಿಲ್ಲ. ರುಮಾಲು ಬಿಚ್ಚಿಕೊಂಡು ಹೆಗಲ ಮೇಲೆ ಬಿತ್ತು. ಅಂದಿರಲಿಕ್ಕಿಲ್ಲ ಎನ್ನಲಿಲ್ಲ. ಹಂಗ ಅಂದದ್ದಲ್ಲ ಎಂದೂ ಎನ್ನಲಿಲ್ಲ. ಕೆಂಪು ವಸ್ತ್ರದ ಕಡೆ ತಿರುಗಿ, ಒಮ್ಮೆ ಕೈಮುಗಿದು, ಎರಡೂ ಕೈಯಿಂದ ಫಕ್ರುಸಾಬನ ಪಾನಾ ಎತ್ತಿದ. ಚೆಂಡುಹೂ ನೆಲಕ್ಕೆ ಉದುರಿದವು. ಯಾವಾಗಲೂ ಎಸೆದಂತೆ ಕೊಡುವವನು, ಈಗ ಹಿಡಿಕೆಯನ್ನು ಜಹೀರನ ಕಡೆ ಮಾಡಿ ಹಿಡಿದ.

ಜಹೀರ ಗಾಡಿಯ ಕೆಳಗೆ ಜರುಗಿದ. ದಾರ ಹಿಡಿದು ಗಾಲಿ ನೋಡಿದ, ಬೋಲ್ಟು ಕೂದಲೆಳೆ ತಿರುವಿದ, ಪಾನಾ ಹಚ್ಚಿ ಜಗ್ಗಿದ. ಕುಂಕುಮ ಬೆವರಿಗೆ ಕರಗಿ ಬೆರಳುಗಳ ನಡುವೆ ಇಳಿಯಿತು. ನಟ್ಟು ನಿಂತಿತು, ಮೊಣಕೈವರೆಗೂ ಬಂತು ಆ ಜಗ್ಗು. ಹೊರಗೆಲ್ಲೋ ತಗಡಿನ ಮೇಲೆ ಹನಿ ಬಿದ್ದ ಸದ್ದು ಕೇಳಿಸಿತು. ಅನ್ನಪೂರ್ಣಾ ಮಗುವನ್ನು ಎತ್ತಿಕೊಂಡು ಗಾಡಿ ಹತ್ತಿದ್ದೂ, ಶಿವಲಿಂಗ ಗಾಡಿ ಶುರು ಮಾಡಿದ್ದೂ, ಬಾಯವ್ವ ಕಿಟಕಿಯಿಂದ ಒಮ್ಮೆ ಮಾತ್ರ ಹೊರಳಿ ನೋಡಿದ್ದೂ ಆಯಿತು. ಮುಂದಿನ ಗಾಡಿಗಳು ದೊಡವಾಡದಿಂದ ಬರುತ್ತವೋ ಇಲ್ಲವೋ ಗೊತ್ತಿಲ್ಲ.

ಜಹೀರ ಪಾನಾವನ್ನು ಅರಿವೆಯಿಂದ ಒರೆಸಿ, ರೂಢಿಯಂತೆ ಕಟ್ಟೆಯ ಕಡೆ ಹೋದ. ಅಲ್ಲಿ ನಡುವೆ ಖಾಲಿಯಾಗಿದ್ದ ಜಾಗ ಈಗ ಇರಲಿಲ್ಲ. ಪರಸಪ್ಪ ಆಚೀಚೆಯ ಸಾಮಾನುಗಳನ್ನು ಸರಿಸಿ ಹತ್ತಿರ ಹತ್ತಿರ ಇಟ್ಟು, ಉದುರಿದ ಹೂಗಳನ್ನು ಮತ್ತೆ ಏರಿಸಿದ್ದ. ಜಹೀರ ಪಾನಾ ಮುಂದೆ ಚಾಚಿದ. ಪರಸಪ್ಪ ಅದನ್ನು ಮೆಲ್ಲಗೆ ಅವನ ಎದೆಯ ಕಡೆಗೇ ತಿರುಗಿ ನೂಕಿದ.

"ಇಲ್ಲೆ ಜಾಗಾ ಇಲ್ಲ" ಎಂದು ರುಮಾಲು ಸುತ್ತಿಕೊಳ್ಳತೊಡಗಿದ. "ನಿನ್ನ ಪೆಟಿಗ್ಯಾಗ ಇಟಗೋ."